ಸಾಲು ಅಳಿಸುವ ಡಿ ಮತ್ತು ಲೀ ಮೆಕ್‌ಮಹನ್

ಮಿನಿ ಪ್ರಾಜೆಕ್ಟಿಗೆ ಅಂತ ನಾವು ಮೂವರು ಹಿಡಕಲ್ ಡ್ಯಾಮಿನ ನೀರಿನ ಲೆಕ್ಕ ಹಿಡಿದು ಕೂತಿದ್ವಿ. ಘಟಪ್ರಭೆಗೆ ಕಟ್ಟಿದ ರಾಜಾ ಲಖಮಗೌಡ ಜಲಾಶಯ, ಭರ್ತಿ ಮಟ್ಟ 2175 ಅಡಿ, ತುಂಬಿದರೆ 51 ಟಿಎಂಸಿ. ದಿನಾ ಪೇಪರಿನಲ್ಲಿ ಬರುವ ಮಟ್ಟ, ಹೊರಹರಿವು, ಒಳಹರಿವು ಮೂರನ್ನೂ ನೋಟ್‌ಬುಕ್ಕಿಗೆ ಬರೆದು, ಅಲ್ಲಿಂದ ಒಂದು ಟೆಕ್ಸ್ಟ್ ಫೈಲಿಗೆ ಟೈಪ್ ಮಾಡೋದು. ಬೇಸಿಗೆಯಲ್ಲಿ ಒಳಹರಿವು ಸೊನ್ನೆ ಇರುವ ದಿನಗಳು ಗ್ರಾಫಿಗೆ ಬೇಡವಾಗಿದ್ವು. ಸೊನ್ನೆ ಇರುವ ಸಾಲು ತೆಗೆದುಬಿಡು ಅಂತ ಸೆಡ್‌ಗೆ ಒಂದು ಆಜ್ಞೆ ಕೊಟ್ವಿ, ಅದೂ ಅದೇ ಫೈಲನ್ನೇ ತಿದ್ದುವ ಮೈನಸ್ ಐ ಹಚ್ಚಿ. ಅರೆ ಸೆಕೆಂಡಿನಲ್ಲಿ ಫೈಲ್ ಪೂರ್ತಿ ಖಾಲಿ. ಪ್ರತಿ ಸಾಲಿನ ಶುರುವಿನಲ್ಲೇ ತಾರೀಖಿತ್ತು, ತಾರೀಖಿನಲ್ಲಿ 2024 ಇತ್ತು, 2024ರಲ್ಲಿ ಒಂದು ಸೊನ್ನೆ ಇತ್ತು! ಬ್ಯಾಕಪ್ ಇರಲಿಲ್ಲ. ನಾಲ್ಕು ತಿಂಗಳ ಟೈಪಿಂಗ್ ಹೋಯ್ತು.

ಆವತ್ತು ರಾತ್ರಿ ಹಾಸ್ಟೆಲಿನಲ್ಲಿ ಈ ಸೆಡ್ ಬರೆದ ಪುಣ್ಯಾತ್ಮ ಯಾರು ಅಂತ ಬೈಯೋಕೆಂದೇ ಹುಡುಕಿದ್ವಿ. ಸಿಕ್ಕಿದ ಮನುಷ್ಯ ಕಂಪ್ಯೂಟರ್ ಎಂಜಿನಿಯರ್ರೇ ಅಲ್ಲ, ಮನಶ್ಶಾಸ್ತ್ರ ಓದಿದವರು.

ಲೀ ಎಡ್ವರ್ಡ್ ಮೆಕ್‌ಮಹನ್ ಹುಟ್ಟಿದ್ದು 1931ರ ಅಕ್ಟೋಬರ್ 24ರಂದು. ಸೇಂಟ್ ಲೂಯಿ ವಿಶ್ವವಿದ್ಯಾಲಯದಲ್ಲಿ ಪದವಿ, ಆಮೇಲೆ ಹಾರ್ವರ್ಡ್‌ನಲ್ಲಿ ಮನಶ್ಶಾಸ್ತ್ರದ ಪಿಎಚ್‌ಡಿ. 1963ರಲ್ಲಿ ಬೆಲ್ ಲ್ಯಾಬ್ಸ್ ಸೇರಿದವರು ಸಾಯುವ ತನಕ ಅಲ್ಲೇ ಇದ್ದರು. ಟೆಲಿಫೋನ್ ಕಂಪನಿಗೆ ಮನಶ್ಶಾಸ್ತ್ರಜ್ಞ ಯಾಕೆ ಬೇಕಿತ್ತು ಅಂತ ನಮಗೂ ಅನ್ನಿಸಿತು. ಅವರ ತಲೆ ತುಂಬ ಇದ್ದದ್ದು ಭಾಷೆ. ಯಂತ್ರಕ್ಕೆ ಅನುಮಾನವಿಲ್ಲದೆ ಬಿಡಿಸಿ ಓದಲು ಬರುವಂಥ ಒಂದು ಸರಳ ಇಂಗ್ಲಿಷನ್ನು ರೂಪಿಸೋದು ಅವರ ಮೊದಮೊದಲ ಕೆಲಸಗಳಲ್ಲಿ ಒಂದು.

ಅವರನ್ನು ಹಿಡಿದ ಇನ್ನೊಂದು ಹುಚ್ಚು ಫೆಡರಲಿಸ್ಟ್ ಪ್ರಬಂಧಗಳು. ಅಮೆರಿಕದ ಸಂವಿಧಾನದ ಪರವಾಗಿ 1787-88ರಲ್ಲಿ ಹ್ಯಾಮಿಲ್ಟನ್, ಮ್ಯಾಡಿಸನ್, ಜೇ ಮೂವರೂ ಒಂದೇ ಗುಪ್ತನಾಮದಲ್ಲಿ ಬರೆದ 85 ಪ್ರಬಂಧ. ಅದರಲ್ಲಿ 12 ಹ್ಯಾಮಿಲ್ಟನ್‌ದೋ ಮ್ಯಾಡಿಸನ್‌ದೋ ಅನ್ನೋ ಜಗಳ ನೂರೈವತ್ತು ವರ್ಷಕ್ಕೂ ಮಿಕ್ಕಿ ನಡೆದಿತ್ತು. 1964ರಲ್ಲಿ ಮಾಸ್ಟೆಲರ್ ಮತ್ತು ವ್ಯಾಲೇಸ್ ಎಂಬ ಇಬ್ಬರು ಸಂಖ್ಯಾಶಾಸ್ತ್ರಜ್ಞರು ಚಿಕ್ಕಚಿಕ್ಕ ಪದಗಳನ್ನು ಎಣಿಸಿ, ಅವು ಮ್ಯಾಡಿಸನ್‌ದೇ ಇರಬೇಕು ಅಂದರು. ಅಪಾನ್ ಅನ್ನೋ ಪುಟ್ಟ ಪದ ಹ್ಯಾಮಿಲ್ಟನ್‌ನಲ್ಲಿ ಸಾವಿರ ಪದಕ್ಕೆ ಸುಮಾರು ಮೂರು ಸಲ ಬರುತ್ತೆ, ಮ್ಯಾಡಿಸನ್‌ನಲ್ಲಿ ಹುಡುಕಿದರೂ ಸಿಗೋದು ಕಷ್ಟ. ಅರ್ಥವಿರುವ ದೊಡ್ಡ ಪದಗಳನ್ನು ಯಾರು ಬೇಕಾದರೂ ಬಳಸ್ತಾರೆ, ಬರೆಯುವವನ ಗುರುತು ಹೇಳೋದು ಕೈಗೆ ತಾನಾಗಿ ಬರುವ ಸಣ್ಣ ಪದಗಳು.

ಇದನ್ನೇ ಯೂನಿಕ್ಸ್ ಯಂತ್ರದಲ್ಲಿ ಮಾಡಿ ನೋಡೋಣ ಅಂದರು ಮೆಕ್‌ಮಹನ್. ಆದರೆ 85 ಪ್ರಬಂಧ ಸೇರಿದರೆ ಆಗಿನ ಪಿಡಿಪಿ-11ರ ಮೆಮೊರಿಗೆ ಅದು ಬೆಟ್ಟ. ಕೆನ್ ಥಾಂಪ್ಸನ್ ಬರೆದ ಇಡಿ ಎಂಬ ಎಡಿಟರ್ ಒಳಗೆ ಪದ ಹುಡುಕುವ ಆಜ್ಞೆ ಇತ್ತು, ಆದರೆ ಇಷ್ಟು ದೊಡ್ಡ ಫೈಲ್ ಅದಕ್ಕೆ ಹಿಡಿಸಲಿಲ್ಲ. ಥಾಂಪ್ಸನ್ ಆ ಒಂದು ಆಜ್ಞೆಯನ್ನಷ್ಟೇ ಹೊರಗೆ ತೆಗೆದು ಬೇರೆ ಪ್ರೋಗ್ರಾಮ್ ಮಾಡಿಕೊಟ್ಟರು, ಅದೇ ಗ್ರೆಪ್ ಅಂತ ಬ್ರಯಾನ್ ಕರ್ನಿಘನ್ ನೆನಪಿಸಿಕೊಳ್ತಾರೆ. ಡಗ್ ಮೆಕಿಲ್‌ರಾಯ್ ಕೇಳಿದ್ದಕ್ಕೆ ಥಾಂಪ್ಸನ್ ತಮ್ಮ ಖಾಸಗಿ ಪ್ರೋಗ್ರಾಮನ್ನು ಹೊರಗೆ ಬಿಟ್ಟರು ಅನ್ನೋ ಕಥೆಯೂ ಇದೆ. ಎರಡೂ ಒಟ್ಟಿಗೆ ನಿಜ ಆಗಬಾರದು ಅಂತೇನಿಲ್ಲ. 1973ರ ನವೆಂಬರಿನ ಯೂನಿಕ್ಸ್ ಕೈಪಿಡಿಯಲ್ಲಿ ಗ್ರೆಪ್ ಇತ್ತು.

ಗ್ರೆಪ್ ಹುಡುಕುತ್ತೆ, ಅಷ್ಟೇ. ಅದಕ್ಕೆ ಮೈನಸ್ ವಿ ಕೊಟ್ಟರೆ ಆ ಪದ ಇಲ್ಲದ ಸಾಲುಗಳನ್ನು ತೋರಿಸುತ್ತೆ. ನಮ್ಮಂಥವರ ಕೆಲಸಕ್ಕೆ ಅದೇ ಸಾಕಿತ್ತು. ಪದ ಬದಲಿಸುವ ಆಜ್ಞೆಗೂ ಹೀಗೇ ಒಂದು ಪ್ರೋಗ್ರಾಮ್ ಬೇಕು ಅನ್ನೋ ಮಾತು ಬಂತು. ಇವತ್ತು ಬದಲಿಸೋದಕ್ಕೊಂದು, ನಾಳೆ ಅಳಿಸೋದಕ್ಕೊಂದು, ನಾಡಿದ್ದು ಇನ್ನೊಂದು, ಇದಕ್ಕೆ ಕೊನೆ ಎಲ್ಲಿ? ಮೆಕ್‌ಮಹನ್ ಎಲ್ಲವನ್ನೂ ಒಂದರಲ್ಲೇ ಕಟ್ಟಿದರು. 1973-74ರಲ್ಲಿ ಹುಟ್ಟಿದ ಸೆಡ್ ಅದು.

ಅದರ ಉಪಾಯ ಕೇಳಿದರೆ ಇಷ್ಟೇನಾ ಅನ್ನಿಸುತ್ತೆ. ಫೈಲ್ ಪೂರ್ತಿ ಒಳಗೆ ತಗೊಳ್ಳಲ್ಲ. ಒಂದು ಸಾಲು ಓದು, ಆಜ್ಞೆಗಳನ್ನು ಅದರ ಮೇಲೆ ನಡೆಸು, ಹೊರಗೆ ಹಾಕು, ಮುಂದಿನ ಸಾಲು. ಎರಡು ಓರೆಗೆರೆಗಳ ನಡುವೆ ಪದ ಇಟ್ಟು ಪಕ್ಕದಲ್ಲಿ ಡಿ ಬರೆದರೆ, ಆ ಪದ ಇರುವ ಸಾಲು ಬಂದಾಗ ಅದನ್ನು ಕೈಬಿಟ್ಟು ಮುಂದಕ್ಕೆ ಹೋಗುತ್ತೆ. ಹಾಗಾಗಿ ಫೈಲ್ ಎಷ್ಟೇ ದೊಡ್ಡದಿರಲಿ, ಮೆಮೊರಿಯಲ್ಲಿ ಬೇಕಾದ ಜಾಗ ಹೆಚ್ಚುಕಡಿಮೆ ಒಂದು ಸಾಲಿನದ್ದು. ಕಾಲುವೆ ದಂಡೆ ಮೇಲೆ ಕೂತು ಹರಿದು ಬರುವ ಕಸ ತೆಗೆದಂಗೆ. ಡ್ಯಾಮ್ ಖಾಲಿ ಮಾಡಬೇಕಾಗಿಲ್ಲ.

ಇಲ್ಲೇ ನಮಗೆ ನಾಚಿಕೆ ಆಗಿದ್ದು. ಮೆಕ್‌ಮಹನ್ ಬರೆದ ಸೆಡ್ ಮೂಲ ಫೈಲನ್ನು ಮುಟ್ಟುತ್ತಲೇ ಇರಲಿಲ್ಲ. ಓದೋದು ಒಂದು ಕಡೆಯಿಂದ, ಬರೆಯೋದು ಇನ್ನೊಂದು ಕಡೆಗೆ. ಮೈನಸ್ ಐ ಅವರದ್ದಲ್ಲ, ಗ್ನೂ ಸೆಡ್‌ನಂಥ ಆವೃತ್ತಿಗಳಲ್ಲಿ ಎಷ್ಟೋ ವರ್ಷಗಳ ಮೇಲೆ ಸೇರಿದ್ದು. ಹಿಡಕಲ್ ಹಿನ್ನೀರಿನಲ್ಲಿ ಹುನ್ನೂರಿನ ವಿಠ್ಠಲ ಗುಡಿ ಮುಳುಗಿದೆಯಲ್ಲ, ಬೇಸಿಗೆಯಲ್ಲಿ ನೀರು ಇಳಿದಾಗ ಮತ್ತೆ ಕಾಣುತ್ತಲ್ಲ, ಅವರ ಅಳಿಸುವಿಕೆ ಆ ಥರದ್ದು. ನಾವು ಗುಡಿಯನ್ನೇ ಕೆಡವಿದ್ವಿ.

ಕನ್ನಡದಲ್ಲಿ ಕೆಲಸ ಮಾಡೋರು ಇನ್ನೊಂದು ನೋಡಿಕೊಳ್ಳಬೇಕು. ಕಾಲ ಅನ್ನೋ ಪದ ಇರುವ ಸಾಲು ಅಳಿಸು ಅಂದರೆ ಕಾಲುವೆ ಇರುವ ಸಾಲೂ ಹೋಗುತ್ತೆ, ಕಾಲೇಜೂ ಹೋಗುತ್ತೆ. ಯೂನಿಕೋಡ್‌ನಲ್ಲಿ ಲು ಅಂದರೆ ಲ ಆದಮೇಲೆ ಒಂದು ಕೊಂಬು, ಎರಡು ಬೇರೆಬೇರೆ ಸಂಕೇತ. ನಮ್ಮ ಕಣ್ಣಿಗೆ ಒಂದೇ ಅಕ್ಷರ, ಸೆಡ್‌ಗೆ ಅಲ್ಲ. ಭಾಷೆಯ ಹುಚ್ಚಿನ ಆ ಮನುಷ್ಯನಿಗೆ ಇದು ಖುಷಿ ಕೊಡ್ತಿತ್ತು ಅಂತ ನಮ್ಮ ಊಹೆ.

ಎರಡು ಫೈಲ್‌ಗಳನ್ನು ಸಾಲುಸಾಲಾಗಿ ಹೋಲಿಸುವ ಕಾಮ್ ಕೂಡ ಅವರದ್ದೇ. 1978ರ ಆಗಸ್ಟಿನಲ್ಲಿ ಸೆಡ್‌ಗೆ ಒಂದು ಪುಟ್ಟ ಕೈಪಿಡಿ ಬರೆದರು. ಅದೇ ವರ್ಷ ಲೊರಿಂಡಾ ಚೆರಿ, ರಾಬರ್ಟ್ ಮಾರಿಸ್ ಜೊತೆ ಪಠ್ಯಗಳ ಸಂಖ್ಯಾಶಾಸ್ತ್ರದ ಬಗ್ಗೆ ಒಂದು ಲೇಖನವೂ ಬಂತು. 1979ರ ಏಳನೇ ಆವೃತ್ತಿಯ ಯೂನಿಕ್ಸ್ ಜೊತೆ ಸೆಡ್ ಲೋಕಕ್ಕೆಲ್ಲ ಹೋಯಿತು. ಆಕ್, ಪರ್ಲ್ ಎರಡರಲ್ಲೂ ಅದರ ನೆರಳಿದೆ. 1989ರ ಫೆಬ್ರುವರಿ 15ರಂದು ಮೆಕ್‌ಮಹನ್ ತೀರಿಕೊಂಡರು, ಆಗ ಅವರಿಗೆ 57. ಥಾಂಪ್ಸನ್, ರಿಚಿ ಹೆಸರು ಸಿಲಬಸ್ಸಿನಲ್ಲೇ ಬರುತ್ತೆ. ಇವರದ್ದು ನಮ್ಮ ಲ್ಯಾಬ್ ಮ್ಯಾನ್ಯುಅಲ್‌ನಲ್ಲಿ ಎಲ್ಲೂ ಇಲ್ಲ, ಅವರ ಡಿ ಮಾತ್ರ ನಾಲ್ಕು ಕಡೆ ಇದೆ.

ಈಗ ನಮ್ಮ ಆಜ್ಞೆ ಬದಲಾಗಿದೆ: ಒಂದು ಸ್ಪೇಸ್, ಒಂದು ಸೊನ್ನೆ, ಸಾಲಿನ ಕೊನೆ ಅನ್ನೋದಕ್ಕೆ ಡಾಲರ್ ಚಿಹ್ನೆ. ಒಳಹರಿವು ಕೊನೆಯ ಅಂಕಣ ಆದ್ದರಿಂದ ಅದೊಂದೇ ಸೊನ್ನೆ ಸಿಗುತ್ತೆ. ಮೈನಸ್ ಐ ಇಲ್ಲ, ಉತ್ತರ ಬೇರೆ ಫೈಲಿಗೆ. ಜುಲೈ ಮಧ್ಯದ ತನಕ ಮತ್ತೆ ಟೈಪ್ ಮಾಡಿ ಆಯ್ತು. ಉಳಿದ ನೋಟ್‌ಬುಕ್ಕು ಹುಕ್ಕೇರಿಗೆ ಊರಿಗೆ ಹೋದ ಗೆಳೆಯನ ಬ್ಯಾಗಿನಲ್ಲಿದೆ, ಸೋಮವಾರ ಬರ್ತಾನೆ.