ಪೆಸ್ಟಲಾಜಿ ಮನೆಯಲ್ಲಿ ಕಲಿತದ್ದು

ಬೋಧನಾಭ್ಯಾಸದ ದಿನಗಳಲ್ಲಿ ನನ್ನ ಮೇಜಿನ ಮೇಲೆ ಪಾಠಯೋಜನೆಯ ಪುಸ್ತಕಗಳ ರಾಶಿ ಬೀಳುತ್ತದೆ. ನಾನು ಮೊದಲು ನೋಡುವುದು ಕೊನೆಯ ಸಾಲನ್ನು. ಅಲ್ಲಿ ‘ಮನೆಗೆಲಸ’ ಎಂದಿರುತ್ತದೆ. ತರಗತಿ ಒಂದಾಗಿರಲಿ ಮೂರಾಗಿರಲಿ, ಹತ್ತು ಸಲ ಬರೆದು ತರುವುದು, ಇಲ್ಲವೇ ಮಗ್ಗಿ ಬಾಯಿಪಾಠ. ಮನೆಯಲ್ಲಿ ಅದನ್ನು ಮಾಡಿಸುವವರು ಯಾರು ಎಂಬುದು ಯೋಜನೆಯಲ್ಲಿ ಬರುವುದಿಲ್ಲ. ಈ ಸಲ ಆ ಪ್ರಶ್ನೆ ತಾನಾಗಿಯೇ ಎದುರಾಯಿತು. ಎರಡನೆಯ ತರಗತಿಯ ಮಗುವಿನ ತಾಯಿಯೊಬ್ಬರು ಶಾಲೆಯ ಜಗಲಿಯಲ್ಲಿ ನಮ್ಮ ಪ್ರಶಿಕ್ಷಣಾರ್ಥಿಯನ್ನು ನಿಲ್ಲಿಸಿ, ನನಗೆ ಓದೋಕೆ ಬರಲ್ಲ ಮೇಡಂ, ಮನೇಲಿ ಏನು ಹೇಳ್ಕೊಡ್ಲಿ ಎಂದು ಕೇಳಿದರಂತೆ. ಹುಡುಗಿ ಉತ್ತರ ತೋಚದೆ ನನ್ನ ಬಳಿ ಬಂದಳು. ನನಗೂ ಥಟ್ಟನೆ ತೋಚಲಿಲ್ಲ.

ಆ ರಾತ್ರಿ ನೆನಪಾದವರು ಪೆಸ್ಟಲಾಜಿ. ತಲೆ, ಹೃದಯ, ಕೈ ಎಂದು ಮೂರು ಪದಗಳಲ್ಲಿ ಅವರನ್ನು ಮುಗಿಸಿ ಮುಂದಿನ ಶಿಕ್ಷಣತಜ್ಞರಿಗೆ ಹೋಗುವುದು ನನ್ನ ಎಷ್ಟೋ ವರ್ಷಗಳ ರೂಢಿ. ಅವರ ಮಗನ ವಿಷಯವನ್ನು ತರಗತಿಯಲ್ಲಿ ನಾನು ಹೇಳಿದ್ದೇ ಇಲ್ಲ. ಅದಕ್ಕಾಗಿ ಈ ಬರಹ.

ಯೋಹಾನ್ ಹೈನ್‌ರಿಶ್ ಪೆಸ್ಟಲಾಜಿ ಹುಟ್ಟಿದ್ದು 1746ರ ಜನವರಿ 12ರಂದು, ಸ್ವಿಟ್ಜರ್‌ಲೆಂಡಿನ ಜ್ಯೂರಿಕ್ ನಗರದಲ್ಲಿ. ಐದು ವರ್ಷವಾದಾಗ ತಂದೆ ತೀರಿಕೊಂಡರು. ಸಾಯುವ ಮುನ್ನ ಅವರು ಮನೆಗೆಲಸದ ಬಾಬೆಲಿಯನ್ನು ಕರೆದು, ಈ ಸಂಸಾರವನ್ನು ಕೈಬಿಡಬೇಡವೆಂದು ಕೇಳಿಕೊಂಡರು. ಬಾಬೆಲಿ ಕೊಟ್ಟ ಮಾತಿಗೆ ತಪ್ಪಲಿಲ್ಲ. ನಾಲ್ಕು ಕಾಸು ಉಳಿಯಲೆಂದು ಆಕೆ ಸಂತೆಗೆ ಮೂರು ನಾಲ್ಕು ಸಲ ಹೋಗಿ ನೋಡಿ, ವ್ಯಾಪಾರಿಗಳು ಮನೆಗೆ ಹೊರಡುವ ಹೊತ್ತಿಗೆ ತರಕಾರಿ ಕೊಳ್ಳುತ್ತಿದ್ದಳು. ಬಟ್ಟೆ, ಬೂಟು ಸವೆದಾವೆಂದು ಮಕ್ಕಳನ್ನು ಬೀದಿಗೆ ಬಿಡುತ್ತಿರಲಿಲ್ಲ. ಹೀಗೆ ಇಬ್ಬರು ಹೆಂಗಸರ ಆಸರೆಯಲ್ಲಿ, ಹೊರಗಿನ ಮಕ್ಕಳ ಒಡನಾಟವಿಲ್ಲದೆ ಬೆಳೆದ ಹುಡುಗ ಶಾಲೆಯಲ್ಲಿ ಪೆದ್ದನೆನಿಸಿಕೊಂಡ. ಜೊತೆಯವರು ಅಡ್ಡಹೆಸರಿಟ್ಟು ಗೇಲಿ ಮಾಡಿದರು. ಆದರೂ ಮನೆಯೆಂದರೆ ಮಗುವಿನ ಮೊದಲ ಶಾಲೆ ಎಂಬ ನಂಬಿಕೆ ಅವರಲ್ಲಿ ಬೇರೂರಿದ್ದು ಆ ಇಕ್ಕಟ್ಟಿನ ಮನೆಯಲ್ಲೇ ಎಂದು ನನಗನಿಸುತ್ತದೆ.

1769ರಲ್ಲಿ ಅವರು ಆನಾ ಶುಲ್ಟೆಸ್‌ರನ್ನು ಮದುವೆಯಾದರು. ಆಕೆ ಅವರಿಗಿಂತ ಎಂಟು ವರ್ಷ ಹಿರಿಯರು. ಬಿರ್ ಎಂಬ ಹಳ್ಳಿಯ ಹತ್ತಿರ ಜಮೀನು ಕೊಂಡು, ‘ನೊಯ್‌ಹೋಫ್’ ಎಂಬ ಮನೆ ಕಟ್ಟಿಕೊಂಡು ಬೇಸಾಯಕ್ಕಿಳಿದರು. ಬೇಸಾಯ ಕೈಹತ್ತಲಿಲ್ಲ. 1770ರಲ್ಲಿ ಮಗ ಹುಟ್ಟಿದ. ಪೆಸ್ಟಲಾಜಿ ಆಗ ರೂಸೋನ ಬರಹಗಳಲ್ಲಿ ಮುಳುಗಿದ್ದರು. ಮಗನಿಗೂ ಅವನ ಹೆಸರನ್ನೇ ಇಟ್ಟರು, ಹಾನ್ಸ್ ಯಾಕೋಬ್. ರೂಸೋ ‘ಎಮಿಲ್’ ಕೃತಿಯಲ್ಲಿ ಕಲ್ಪಿಸಿದ್ದನ್ನು ತಮ್ಮ ಮಗನಲ್ಲಿ ನಿಜ ಮಾಡಿ ನೋಡುವ ಹಂಬಲ ಅವರಿಗೆ.

1774ರ ಆರಂಭದಲ್ಲಿ, ಮಗುವಿಗೆ ಮೂರೂವರೆ ವರ್ಷವಿದ್ದಾಗ, ಕೆಲವು ವಾರಗಳ ಕಾಲ ಅವರು ದಿನಚರಿ ಬರೆದರು. ನಮ್ಮ ಅವಲೋಕನ ಪುಸ್ತಕಕ್ಕೆ ಅದನ್ನು ಹೋಲಿಸಬಹುದು. ಒಂದು ದಿನ ಮಗುವನ್ನು ಹೊರಗೆ ಕರೆದೊಯ್ದು, ಹಕ್ಕಿಯ ದನಿಗೆ ಪಾಠ ನಿಲ್ಲಿಸಬೇಕೆಂದು ಬರೆಯುತ್ತಾರೆ. ಇನ್ನೊಂದು ದಿನ ಅದೇ ಮಗುವಿನಿಂದ ಲ್ಯಾಟಿನ್ ಪದಗಳನ್ನು ಹೇಳಿಸುತ್ತಾರೆ. ಹಟ ಹಿಡಿದರೆ ಗದರುತ್ತಾರೆ. ಮಗು ಅಂಕೆಗಳ ಹೆಸರನ್ನು ಸರಾಗವಾಗಿ ಹೇಳುತ್ತಿತ್ತು, ಆದರೆ ಮೂರು ಎಂದರೆ ಎಷ್ಟು ಎಂದು ಅದಕ್ಕೆ ಗೊತ್ತಿರಲಿಲ್ಲ. ವಸ್ತು ತೋರಿಸುವ ಮೊದಲೇ ಹೆಸರು ಕಲಿಸಿದ್ದು ತನ್ನದೇ ತಪ್ಪು ಎಂದು ಪೆಸ್ಟಲಾಜಿ ದಿನಚರಿಯಲ್ಲಿ ಒಪ್ಪಿಕೊಂಡರು. ವಸ್ತು ಮೊದಲು, ಹೆಸರು ಆಮೇಲೆ ಎಂದು ನಾವು ವಿಧಾನಶಾಸ್ತ್ರದಲ್ಲಿ ಹೇಳಿಕೊಡುವ ಸೂತ್ರದ ಹಿಂದೆ ಗೊಂದಲಕ್ಕೆ ಬಿದ್ದ ಈ ಒಂದು ಮಗು ನಿಂತಿದೆ.

ತಪ್ಪು ತಿಳಿಯಿತು, ಮಗನಿಗೆ ಅದರಿಂದ ಹೆಚ್ಚು ಪ್ರಯೋಜನವಾಗಲಿಲ್ಲ. ಅಪ್ಪ ಅದೇ ವರ್ಷ ಮನೆಗೆ ಬಡಮಕ್ಕಳನ್ನು ಸೇರಿಸಿಕೊಂಡು, ನೂಲುವುದು, ನೇಯುವುದು, ಜೊತೆಗೆ ಓದು, ಲೆಕ್ಕ ಎಂದು ಶಾಲೆ ತೆರೆದರು. 1780ರಲ್ಲಿ ಅದು ಸಾಲದಲ್ಲಿ ಮುಳುಗಿ ಮುಚ್ಚಿತು. ಊರ ಮಕ್ಕಳಿಗೆಲ್ಲ ಅಕ್ಷರ ಕಲಿಸಹೊರಟವರ ಮನೆಯಲ್ಲಿ ಹನ್ನೊಂದು ದಾಟಿದ ಮಗನಿಗೆ ಓದು ಬರಹ ಸರಿಯಾಗಿ ಬರುತ್ತಿರಲಿಲ್ಲ. ಕೊನೆಗೆ ಅವನನ್ನು ಬಾಸೆಲ್ ನಗರದ ಸ್ನೇಹಿತರ ಮನೆಗೆ ಕಳಿಸಬೇಕಾಯಿತು. ಅವನಿಗೆ ಮೂರ್ಛೆರೋಗವೂ ಇತ್ತು. 1801ರಲ್ಲಿ, 31ನೆಯ ವಯಸ್ಸಿಗೆ ಯಾಕೋಬ್ ತೀರಿಕೊಂಡ.

ಶಾಲೆ ಮುಚ್ಚಿದ ಮರುವರ್ಷ, 1781ರಲ್ಲಿ, ‘ಲಿಯೊನಾರ್ಡ್ ಮತ್ತು ಗೆರ್ಟ್ರೂಡ್’ ಕಾದಂಬರಿಯ ಮೊದಲ ಭಾಗ ಬಂತು. ಗೆರ್ಟ್ರೂಡ್ ಒಬ್ಬ ಕಲ್ಲುಕುಟಿಗನ ಹೆಂಡತಿ. ಮನೆಯಲ್ಲಿ ಮಕ್ಕಳನ್ನು ಜೊತೆಗೆ ಕೂರಿಸಿಕೊಂಡು ನೂಲುತ್ತಾಳೆ. ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ಎಷ್ಟು ಹೆಜ್ಜೆ ಎಂದು ಮಕ್ಕಳಿಂದ ಎಣಿಸುತ್ತಾಳೆ. ಕಿಟಕಿಯ ಗಾಜುಗಳು ಐದೈದರ ಸಾಲಿನಲ್ಲಿವೆ. ಎರಡು ಸಾಲು ಹಿಡಿದು ಹತ್ತರ ಲೆಕ್ಕ ಬಿಡಿಸುತ್ತಾಳೆ. ನೂಲಿನ ಎಳೆ ಎಣಿಸುತ್ತಾರೆ, ಲಾಳಿಗೆ ಸುತ್ತುವಾಗ ಸುತ್ತು ಎಣಿಸುತ್ತಾರೆ. ಕೆಲಸ ನಿಲ್ಲುವುದಿಲ್ಲ, ಲೆಕ್ಕವೂ ನಿಲ್ಲುವುದಿಲ್ಲ. ಮುಂದಿನ ಭಾಗಗಳಲ್ಲಿ ಆ ಊರಿನ ಮೇಷ್ಟರು ಇವಳ ಕೋಣೆಗೆ ಬಂದು ಕೂತು ನೋಡಿ, ಅದರಂತೆ ತಮ್ಮ ಶಾಲೆಯನ್ನು ಕಟ್ಟುತ್ತಾರೆ. ನಾವು ಮಾಡುವುದು ಇದರ ತಿರುಗುಮುರುಗು. ಶಾಲೆಯ ತುಂಡೊಂದನ್ನು ಕತ್ತರಿಸಿ ಮನೆಗೆ ಕಳಿಸಿ ಅದಕ್ಕೆ ಮನೆಗೆಲಸ ಎನ್ನುತ್ತೇವೆ.

1798ರ ಸೆಪ್ಟೆಂಬರಿನಲ್ಲಿ ಫ್ರೆಂಚ್ ಸೈನ್ಯ ಸ್ಟಾನ್ಸ್ ಪಟ್ಟಣವನ್ನು ಸುಟ್ಟು ಹಾಳುಗೆಡವಿತು. ಮರುವರ್ಷ ಜನವರಿಯಲ್ಲಿ ಅಲ್ಲಿನ ಅನಾಥ ಮಕ್ಕಳನ್ನು ಪೆಸ್ಟಲಾಜಿ ವಹಿಸಿಕೊಂಡರು. ಸುಮಾರು 80 ಮಕ್ಕಳು. ಇವರಿಗೆ ನೆರವಾಗಿ ಒಬ್ಬ ಅಡುಗೆಯಾಕೆ. ಮಕ್ಕಳ ನಡುವೆಯೇ ಮಲಗುತ್ತಿದ್ದರು, ಎಲ್ಲರೂ ನಿದ್ದೆಹೋದ ಮೇಲೆ ಕಣ್ಣು ಮುಚ್ಚುತ್ತಿದ್ದರು. ಜೂನ್ ತಿಂಗಳಲ್ಲಿ ಕಟ್ಟಡ ಸೈನ್ಯದ ಆಸ್ಪತ್ರೆಯಾಯಿತು. ಐದು ತಿಂಗಳಿಗೆ ಎಲ್ಲ ಮುಗಿದುಹೋಯಿತು.

ಅಲ್ಲಿಂದ ಬುರ್ಗ್‌ಡೋರ್ಫ್. ಒಬ್ಬ ಚಮ್ಮಾರ ನಡೆಸುತ್ತಿದ್ದ ಬಡಮಕ್ಕಳ ಶಾಲೆಯಲ್ಲಿ ಪಾಠ ಆರಂಭಿಸಿದರು. ಗೋಡೆಗೆ ಅಂಟಿಸಿದ್ದ ಹಳೆಯ ಕಾಗದದಲ್ಲಿ ತೂತುಗಳಿದ್ದವು. ಆ ತೂತುಗಳನ್ನೇ ತೋರಿಸಿ ಎಷ್ಟು, ಯಾವ ಆಕಾರ, ಎಷ್ಟು ಉದ್ದ ಎಂದು ಮಕ್ಕಳಿಂದ ವಾಕ್ಯ ಹೇಳಿಸುತ್ತಿದ್ದರು. ಪುಸ್ತಕವಿಲ್ಲ, ಪ್ರಶ್ನೋತ್ತರ ಪಾಠವಿಲ್ಲ. ತಾಯಿತಂದೆಯರು ಸಿಟ್ಟಾದರು. ಪ್ರಯೋಗ ಮಾಡುವುದಿದ್ದರೆ ಊರಿನ ಸಿರಿವಂತರ ಮಕ್ಕಳ ಮೇಲೆ ಮಾಡಲಿ ಎಂದರು. ಅವರು ಆ ಶಾಲೆ ಬಿಡಬೇಕಾಯಿತು. ಆ ಪೋಷಕರನ್ನು ಮೂಢರೆನ್ನಲು ನನಗೆ ಮನಸ್ಸಿಲ್ಲ. ಬಡವರಿಗೆ ಅಕ್ಷರವೊಂದೇ ಏಣಿ.

ಮಗ ಸತ್ತ ವರ್ಷವೇ ‘ಗೆರ್ಟ್ರೂಡ್ ತನ್ನ ಮಕ್ಕಳಿಗೆ ಹೇಗೆ ಕಲಿಸುತ್ತಾಳೆ’ ಪ್ರಕಟವಾಯಿತು. ಹೆಸರು ನೋಡಿ ಕೈಗೆತ್ತಿಕೊಂಡವರಿಗೆ ಒಳಗೆ ಗೆರ್ಟ್ರೂಡ್ ಸಿಗುವುದೇ ಇಲ್ಲ. ಇರುವುದು ಸಂಖ್ಯೆ, ಆಕಾರ, ಭಾಷೆ ಎಂಬ ವಿಧಾನದ ವಿವರಣೆ. 1803ರಲ್ಲಿ ಸಹೋದ್ಯೋಗಿ ಕ್ರೂಸಿಯವರೊಡನೆ ಸಿದ್ಧಪಡಿಸಿದ ‘ತಾಯಂದಿರ ಪುಸ್ತಕ’ದಲ್ಲಂತೂ ತಾಯಿ ಮಗುವಿನ ಮೈಯ ಒಂದೊಂದು ಅಂಗವನ್ನೂ ಕ್ರಮವಾಗಿ ಹೆಸರಿಸಿ, ಎಣಿಸಿ, ಎಲ್ಲಿದೆಯೆಂದು ಹೇಳುತ್ತ ಹೋಗಬೇಕು. ಯಾಕೋಬನ ಬಾಯಿಗೆ ಲ್ಯಾಟಿನ್ ತುರುಕಿದ ಅಪ್ಪ ಮತ್ತೆ ಇಲ್ಲಿ ಕಾಣಿಸಿಕೊಂಡರು.

1805ರಿಂದ 1825ರವರೆಗೆ ಇವೆರ್ಡಾನ್‌ನ ಕೋಟೆಯಲ್ಲಿ ಅವರ ಸಂಸ್ಥೆ ನಡೆಯಿತು. ಯುರೋಪಿನ ಮೂಲೆಮೂಲೆಯಿಂದ ಜನ ನೋಡಲು ಬಂದರು, ಫ್ರೋಬೆಲ್ ಎರಡು ವರ್ಷ ಅಲ್ಲಿಯೇ ಇದ್ದರು. ಜಗಳಗಳಿಂದ ಸಂಸ್ಥೆ ಒಡೆಯಿತು. ವೃದ್ಧ ಪೆಸ್ಟಲಾಜಿ ಮೊಮ್ಮಗನಿದ್ದ ನೊಯ್‌ಹೋಫ್‌ಗೆ ಮರಳಿದರು. 1827ರ ಫೆಬ್ರವರಿ 17ರಂದು ತೀರಿಕೊಂಡ ಅವರನ್ನು ಬಿರ್ ಹಳ್ಳಿಯ ಶಾಲೆಯ ಪಕ್ಕದಲ್ಲಿ ಮಣ್ಣು ಮಾಡಿದರು.

ಇಷ್ಟನ್ನೂ ಆ ಪ್ರಶಿಕ್ಷಣಾರ್ಥಿಗೆ ಹೇಳಿದೆ. ಮಾರನೆಯ ದಿನ ಅವಳು ಆ ತಾಯಿಯನ್ನು ಕಂಡು, ಅಮ್ಮ, ನೀವು ಏನು ಕೆಲಸ ಮಾಡ್ತೀರಿ ಎಂದು ಕೇಳಿದಳು. ಅವರು ಹೂ ಕಟ್ಟಿ ಮಾರುವವರು. ಒಂದು ಮೊಳಕ್ಕೆ ಎಷ್ಟು ಹೂ, ಒಂದು ಮಾರಿಗೆ ಎಷ್ಟು ಮೊಳ, ಎಷ್ಟು ಮೊಳ ಮಾರಿದರೆ ಎಷ್ಟು ಚಿಲ್ಲರೆ ಎಂದು ಅವರು ಬಾಯಲ್ಲೇ ಲೆಕ್ಕ ಹೇಳಿದರಂತೆ. ಸಂಜೆ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದನ್ನೇ ಎಣಿಸಿಕೊಳ್ಳಿ ಎಂದಳು ಹುಡುಗಿ. ಆ ತಾಯಿ ನಕ್ಕು, ಅದು ಸರಿ ಮೇಡಂ, ಬರೆಯೋಕೂ ಏನಾದ್ರೂ ಕೊಡಿ ಎಂದರು.

ಮುಂದಿನ ಪಾಠಯೋಜನೆಯ ಕೊನೆಯ ಸಾಲಿನಲ್ಲಿ ಅವಳು ಎರಡನ್ನೂ ಬರೆದಿದ್ದಳು: ಅಮ್ಮನ ಜೊತೆ ಒಂದು ಮೊಳದ ಹೂ ಎಣಿಸುವುದು, ಬಂದ ಸಂಖ್ಯೆಯನ್ನು ಸ್ಲೇಟಿನಲ್ಲಿ ಬರೆದು ತರುವುದು. ನಾನು ಸಹಿ ಹಾಕಿದೆ.