ದಾದಾಸಾಹೇಬ ಫಾಲ್ಕೆ

ಚಲನಚಿತ್ರವೊಂದು ನಮ್ಮ ಊರಿನ ಚಿತ್ರಮಂದಿರದ ಬೆಳ್ಳಿತೆರೆಯನ್ನು ಮುಟ್ಟುವ ಮೊದಲು ಅನೇಕರ ಕೈಗಳನ್ನು ದಾಟಿ ಬರುತ್ತದೆ. ಹಣ ಹೂಡಿ ಚಿತ್ರವನ್ನು ತಯಾರಿಸುವ ನಿರ್ಮಾಪಕರು ಒಬ್ಬರು. ಅದನ್ನು ಊರೂರಿಗೆ ತಲುಪಿಸುವ ವಿತರಕರು ಇನ್ನೊಬ್ಬರು. ಜನರಿಗೆ ತೋರಿಸುವ ಪ್ರದರ್ಶಕರು ಮತ್ತೊಬ್ಬರು. ಈ ವ್ಯವಸ್ಥೆ ಯಾವುದೂ ಇಲ್ಲದಿದ್ದ ಕಾಲದಲ್ಲಿ, ಈ ಮೂರು ಹೊಣೆಗಳನ್ನೂ ತಮ್ಮ ಹೆಗಲ ಮೇಲೆ ಹೊತ್ತು ಭಾರತದಲ್ಲಿ ಒಂದು ಹೊಸ ಉದ್ಯಮಕ್ಕೆ ಅಡಿಗಲ್ಲು ಹಾಕಿದ ಸಾಹಸಿ ಧುಂಡಿರಾಜ ಗೋವಿಂದ ಫಾಲ್ಕೆ. ದಾದಾಸಾಹೇಬ ಫಾಲ್ಕೆ ಎಂಬ ಹೆಸರಿನಿಂದ ಅವರು ಲೋಕವಿಖ್ಯಾತರಾಗಿದ್ದಾರೆ.

ಫಾಲ್ಕೆಯವರು 1870ನೆಯ ಇಸವಿ ಏಪ್ರಿಲ್ 30ರಂದು ನಾಸಿಕದ ಸಮೀಪದಲ್ಲಿರುವ ಪುಣ್ಯಕ್ಷೇತ್ರ ತ್ರ್ಯಂಬಕೇಶ್ವರದಲ್ಲಿ ಜನಿಸಿದರು. ಅವರ ತಂದೆ ಸಂಸ್ಕೃತ ವಿದ್ವಾಂಸರು. ಮುಂಬಯಿಯ ವಿಲ್ಸನ್ ಕಾಲೇಜಿನಲ್ಲಿ ತಂದೆಗೆ ಅಧ್ಯಾಪಕ ಹುದ್ದೆ ದೊರೆತುದರಿಂದ ಕುಟುಂಬವು ಆ ಮಹಾನಗರಕ್ಕೆ ಬಂದು ನೆಲೆಸಿತು. ಮಗನೂ ತಮ್ಮಂತೆ ಶಾಸ್ತ್ರಪಾರಂಗತನಾಗಲಿ ಎಂಬುದು ತಂದೆಯ ಬಯಕೆಯಾಗಿದ್ದಿರಬಹುದು. ಆದರೆ ಬಾಲಕನ ಮನಸ್ಸು ಚಿತ್ರಕಲೆಯತ್ತ ಹರಿಯಿತು. 1885ರಲ್ಲಿ ಅವರು ಮುಂಬಯಿಯ ಜೆ. ಜೆ. ಕಲಾಶಾಲೆಯನ್ನು ಸೇರಿದರು. ಅನಂತರ ಬಡೋದೆಯ ಕಲಾಭವನದಲ್ಲಿ ವರ್ಣಚಿತ್ರ, ಪ್ರತಿಮಾರಚನೆ, ಛಾಯಾಗ್ರಹಣ ಮೊದಲಾದ ವಿದ್ಯೆಗಳನ್ನು ಶ್ರದ್ಧೆಯಿಂದ ಅಭ್ಯಾಸ ಮಾಡಿದರು.

ವಿದ್ಯೆ ಕೈಗೂಡಿದರೂ ಅದೃಷ್ಟ ಒಲಿಯಲಿಲ್ಲ. ಗೋಧ್ರಾ ಪಟ್ಟಣದಲ್ಲಿ ಛಾಯಾಚಿತ್ರಗಾರರಾಗಿ ಜೀವನ ಆರಂಭಿಸಿದ ಅವರು ಪ್ಲೇಗ್ ಮಾರಿಗೆ ಪತ್ನಿಯನ್ನೂ ಮಗುವನ್ನೂ ಕಳೆದುಕೊಂಡರು. ಬಡೋದೆಗೆ ಹಿಂದಿರುಗಿ ಅದೇ ವೃತ್ತಿಯನ್ನು ಮುಂದುವರಿಸಿದಾಗ, ಕ್ಯಾಮರಾ ಮನುಷ್ಯನ ಪ್ರಾಣಶಕ್ತಿಯನ್ನು ಹೀರಿಬಿಡುತ್ತದೆ ಎಂಬ ಮೂಢನಂಬಿಕೆ ಜನರನ್ನು ಅವರ ಬಳಿ ಸುಳಿಯಗೊಡಲಿಲ್ಲ. 1902ರಲ್ಲಿ ಅವರು ಪುನಃ ವಿವಾಹವಾದರು. ಎರಡನೆಯ ಪತ್ನಿ ಸರಸ್ವತೀಬಾಯಿ ಮುಂದೆ ಅವರ ಎಲ್ಲ ಸಾಹಸಗಳಿಗೂ ಬೆನ್ನೆಲುಬಾಗಿ ನಿಂತ ಸಾಧ್ವಿ. ಫಾಲ್ಕೆಯವರು ಕೆಲಕಾಲ ಸರ್ಕಾರದ ಪ್ರಾಚ್ಯವಸ್ತು ಇಲಾಖೆಯಲ್ಲಿ ನೌಕರಿ ಮಾಡಿ, ಅದನ್ನು ತ್ಯಜಿಸಿ, ಲೋನಾವಳದಲ್ಲಿ ಮುದ್ರಣಾಲಯವನ್ನು ತೆರೆದರು. ಪ್ರಸಿದ್ಧ ಕಲಾವಿದ ರಾಜಾ ರವಿವರ್ಮರ ಮುದ್ರಣಾಲಯಕ್ಕಾಗಿಯೂ ಕೆಲಸ ಮಾಡಿದರು. ಬಣ್ಣದ ಮುದ್ರಣದ ಹೊಸ ಯಂತ್ರಗಳಿಗಾಗಿ 1909ರಲ್ಲಿ ಜರ್ಮನಿಗೂ ಹೋಗಿಬಂದರು. ಆದರೆ ಪಾಲುದಾರರೊಡನೆ ಭಿನ್ನಾಭಿಪ್ರಾಯ ತಲೆದೋರಿತು. ಚೆನ್ನಾಗಿ ನಡೆಯುತ್ತಿದ್ದ ಮುದ್ರಣಾಲಯವನ್ನು ಬಿಟ್ಟು ಅವರು ಬರಿಗೈಯಲ್ಲಿ ಹೊರಬಂದರು. ಆಗ ಅವರಿಗೆ ನಲವತ್ತರ ಪ್ರಾಯ.

ಇಂತಹ ದಿನಗಳಲ್ಲಿಯೇ ಮುಂಬಯಿಯಲ್ಲಿ ಅವರು ಯೇಸುಕ್ರಿಸ್ತನ ಜೀವನವನ್ನು ಕುರಿತ ಒಂದು ವಿದೇಶೀ ಮೂಕಚಿತ್ರವನ್ನು ನೋಡಿದರು. ತೆರೆಯ ಮೇಲೆ ಕ್ರಿಸ್ತನ ಕಥೆ ಸಾಗುತ್ತಿರುವಾಗ ಅವರ ಮನಸ್ಸಿನ ತೆರೆಯ ಮೇಲೆ ಶ್ರೀರಾಮ, ಶ್ರೀಕೃಷ್ಣರು ಮೂಡತೊಡಗಿದರು. ನಮ್ಮ ದೇಶದ ಪುರಾಣಪುರುಷರನ್ನು ನಮ್ಮವರೇ ಹೀಗೆ ತೆರೆಯ ಮೇಲೆ ತರುವುದು ಸಾಧ್ಯವಿಲ್ಲವೇ ಎಂಬ ಪ್ರಶ್ನೆ ಅವರನ್ನು ಬೆಂಬಿಡದೆ ಕಾಡಿತು. ಅವರು ಸಿನಿಮಾ ಕಲೆಯ ಪುಸ್ತಕಗಳನ್ನೂ ಸಲಕರಣೆಗಳ ಬೆಲೆಪಟ್ಟಿಗಳನ್ನೂ ತರಿಸಿ ಓದಿದರು. ಸಿಕ್ಕ ಚಿತ್ರಗಳನ್ನೆಲ್ಲ ತಿಂಗಳುಗಟ್ಟಲೆ ನೋಡಿದರು. ನಿದ್ರೆಗೆಟ್ಟ ಈ ಪರಿಶ್ರಮದಿಂದ ಕಣ್ಣುಗಳು ಬಳಲಿ, ಕೆಲಕಾಲ ದೃಷ್ಟಿಯೇ ಹೋದಂತಾಯಿತು. ವೈದ್ಯರ ಚಿಕಿತ್ಸೆಯಿಂದ ದೃಷ್ಟಿ ಮರಳಿದೊಡನೆ ಅವರು ಮತ್ತೆ ಅದೇ ಕೆಲಸಕ್ಕೆ ತೊಡಗಿದರು.

ಚಲನಚಿತ್ರದ ತಂತ್ರವನ್ನು ಕಣ್ಣಾರೆ ಕಂಡು ಕಲಿಯಲು ಇಂಗ್ಲೆಂಡಿಗೆ ಹೋಗುವುದು ಅನಿವಾರ್ಯವಾಗಿತ್ತು. ಫಾಲ್ಕೆಯವರು ತಮ್ಮ ಜೀವವಿಮಾ ಪತ್ರಗಳನ್ನು ಒತ್ತೆಯಿಟ್ಟು ಸಾಲ ಪಡೆದು 1912ರ ಫೆಬ್ರವರಿಯಲ್ಲಿ ಹಡಗು ಹತ್ತಿದರು. ಲಂಡನ್ನಿನಲ್ಲಿ ಸಿನಿಮಾ ಪತ್ರಿಕೆಯೊಂದರ ಸಂಪಾದಕರನ್ನು ಅವರು ಕಂಡರು. ಚಿತ್ರ ತಯಾರಿಸಲು ಹೋಗಿ ಅಲ್ಲಿಯೇ ಎಷ್ಟೋ ಮಂದಿ ನಷ್ಟಹೊಂದಿದ್ದಾರೆಂದು ಸಂಪಾದಕರು ಮೊದಲು ಎಚ್ಚರಿಸಿದರು. ಬಳಿಕ ಈ ಅಪರಿಚಿತ ಭಾರತೀಯನ ದೃಢನಿಶ್ಚಯವನ್ನು ಮೆಚ್ಚಿ, ಸೆಸಿಲ್ ಹೆಪ್‌ವರ್ತ್ ಎಂಬ ಖ್ಯಾತ ನಿರ್ಮಾಪಕರಿಗೆ ಪರಿಚಯಿಸಿದರು. ಹೆಪ್‌ವರ್ತ್ ಅವರು ತಮ್ಮ ಸ್ಟುಡಿಯೋದ ಪ್ರತಿಯೊಂದು ವಿಭಾಗವನ್ನೂ ತೋರಿಸಿಕೊಟ್ಟರು. ಫಾಲ್ಕೆಯವರು ವಿಲಿಯಮ್‌ಸನ್ ಕ್ಯಾಮರಾವೊಂದನ್ನು ಕೊಂಡು, ಕಚ್ಚಾ ಫಿಲ್ಮು ಮತ್ತು ಇತರ ಸಲಕರಣೆಗಳನ್ನು ಕಳುಹಿಸಲು ಏರ್ಪಾಡು ಮಾಡಿ, ಏಪ್ರಿಲ್ ತಿಂಗಳಲ್ಲಿ ಸ್ವದೇಶಕ್ಕೆ ಮರಳಿದರು. ಅದೇ ವರ್ಷ ಫಾಲ್ಕೆ ಫಿಲ್ಮ್ಸ್ ಕಂಪೆನಿ ಜನ್ಮತಾಳಿತು.

ಕಂಪೆನಿಗೆ ಹೆಸರು ಬಂದಿತೇ ಹೊರತು ಬಂಡವಾಳ ಬರಲಿಲ್ಲ. ಹಣವುಳ್ಳವರು ಈ ವಿಚಿತ್ರ ವ್ಯವಹಾರವನ್ನು ನಂಬಲಿಲ್ಲ. ಅವರಲ್ಲಿ ನಂಬಿಕೆ ಹುಟ್ಟಿಸಲು ಫಾಲ್ಕೆಯವರು ಒಂದು ಉಪಾಯ ಹೂಡಿದರು. ಕುಂಡದಲ್ಲಿ ಬಟಾಣಿ ಬೀಜಗಳನ್ನು ಬಿತ್ತಿ, ಅದರ ಎದುರಿಗೆ ಕ್ಯಾಮರಾವನ್ನು ನಿಲ್ಲಿಸಿ, ಒಂದು ತಿಂಗಳಿಗೂ ಹೆಚ್ಚು ಕಾಲ ದಿನದಿನವೂ ಅದರ ಬೆಳವಣಿಗೆಯನ್ನು ಚಿತ್ರೀಕರಿಸಿದರು. ಆ ಚಿತ್ರಗಳನ್ನು ಒಂದರ ಹಿಂದೆ ಒಂದರಂತೆ ತೆರೆಯ ಮೇಲೆ ಓಡಿಸಿದಾಗ ಬೀಜ ಮೊಳೆತು, ಚಿಗುರಿ, ಗಿಡವಾಗಿ ಬೆಳೆಯುವುದು ಕೆಲವೇ ಕ್ಷಣಗಳಲ್ಲಿ ಕಂಡಿತು. ಅದನ್ನು ನೋಡಿ ಬೆರಗಾದವರು ಸಾಲ ಕೊಡಲು ಮುಂದೆ ಬಂದರು. ಸಾಲದೆ ಬಂದ ಹಣವನ್ನು ಸರಸ್ವತೀಬಾಯಿಯವರು ತಮ್ಮ ಆಭರಣಗಳನ್ನು ಒತ್ತೆಯಿಡಲು ಕೊಟ್ಟು ತುಂಬಿದರು.

ಮೊದಲ ಚಿತ್ರಕ್ಕೆ ಸತ್ಯಸಂಧ ಹರಿಶ್ಚಂದ್ರನ ಕಥೆಯನ್ನು ಆರಿಸಿಕೊಂಡುದಾಯಿತು. ದಾದರಿನ ಮನೆಯೇ ಕಂಪೆನಿಯ ಕಾರ್ಯಸ್ಥಾನವಾಯಿತು. ಸಿನಿಮಾದಲ್ಲಿ ದುಡಿಯುವುದು ಮರ್ಯಾದಸ್ಥರಿಗೆ ತಕ್ಕುದಲ್ಲವೆಂದು ಜನ ಭಾವಿಸಿದ್ದ ಕಾಲವದು. ಆದುದರಿಂದ ಯಾರಾದರೂ ಕೇಳಿದರೆ ಹರಿಶ್ಚಂದ್ರನ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿರುವುದಾಗಿ ಹೇಳಬೇಕೆಂದು ಫಾಲ್ಕೆಯವರು ತಮ್ಮ ಕೆಲಸಗಾರರಿಗೆ ಸೂಚಿಸಿದ್ದರಂತೆ! ತಾರಾಮತಿಯ ಪಾತ್ರವಹಿಸಲು ಯಾವ ಸ್ತ್ರೀಯೂ ಒಪ್ಪಲಿಲ್ಲ. ಕೊನೆಗೆ ಗ್ರಾಂಟ್ ರಸ್ತೆಯ ಖಾನಾವಳಿಯೊಂದರಲ್ಲಿ ದುಡಿಯುತ್ತಿದ್ದ ಸಾಳುಂಕೆ ಎಂಬ ಯುವಕನು ಫಾಲ್ಕೆಯವರ ಕಣ್ಣಿಗೆ ಬಿದ್ದನು. ಭಾರತದ ಮೊದಲ ಕಥಾಚಿತ್ರದ ನಾಯಕಿಯಾದವನು ಆತನೇ. ಫಾಲ್ಕೆಯವರ ಪುತ್ರ ಭಾಲಚಂದ್ರ ಲೋಹಿತಾಶ್ವನಾದನು.

ಕಥೆ, ನಿರ್ದೇಶನ, ಛಾಯಾಗ್ರಹಣ, ಸಂಕಲನ, ಎಲ್ಲದರಲ್ಲಿಯೂ ಫಾಲ್ಕೆಯವರದೇ ಕೈ. ಕಂಪೆನಿಯ ಉಳಿದ ಹೊರೆ ಸರಸ್ವತೀಬಾಯಿಯವರದು. ಅವರು ಇಡೀ ತಂಡಕ್ಕೆ ಅಡುಗೆ ಮಾಡಿ ಬಡಿಸುತ್ತಿದ್ದರು. ಬಿಸಿಲಿನ ಬೆಳಕನ್ನು ನಟರ ಮುಖದ ಮೇಲೆ ಬೀರಲು ಬಿಳಿಯ ಬಟ್ಟೆಯನ್ನು ಹಿಡಿದು ನಿಲ್ಲುತ್ತಿದ್ದರು. ಆಗ ಫಿಲ್ಮಿನ ಅಂಚಿಗೆ ರಂಧ್ರಗಳಿರುತ್ತಿರಲಿಲ್ಲ. ರಂಧ್ರಗಳಿಲ್ಲದೆ ಅದು ಕ್ಯಾಮರಾದಲ್ಲಿ ಚಲಿಸುವಂತಿರಲಿಲ್ಲ. ಹಗಲೆಲ್ಲ ದುಡಿದ ಆ ಗೃಹಿಣಿ ರಾತ್ರಿಯ ವೇಳೆ ಕತ್ತಲಕೋಣೆಯಲ್ಲಿ ಕುಳಿತು ಫಿಲ್ಮಿಗೆ ರಂಧ್ರ ಕೊರೆಯುತ್ತಿದ್ದರು. ಅದನ್ನು ತೊಳೆಯುವ ರಾಸಾಯನಿಕ ದ್ರವ್ಯಗಳನ್ನು ಬೆರೆಸಿ ಸಿದ್ಧಪಡಿಸುತ್ತಿದ್ದರು.

ಹೀಗೆ ಸಿದ್ಧವಾದ ಸುಮಾರು 3,700 ಅಡಿ ಉದ್ದದ 'ರಾಜಾ ಹರಿಶ್ಚಂದ್ರ' 1913ರ ಏಪ್ರಿಲ್ 21ರಂದು ಆಹ್ವಾನಿತರ ಮುಂದೆಯೂ, ಮೇ 3ರಂದು ಮುಂಬಯಿಯ ಕಾರೊನೇಷನ್ ಚಿತ್ರಮಂದಿರದಲ್ಲಿ ಸಾರ್ವಜನಿಕರ ಮುಂದೆಯೂ ಪ್ರದರ್ಶಿತವಾಯಿತು. ಮುಂಬಯಿಯ ಜನ ಅದನ್ನು ಅಕ್ಕರೆಯಿಂದ ಸ್ವಾಗತಿಸಿದರು.

ಚಿತ್ರವನ್ನು ತಯಾರಿಸಿದರೆ ಅರ್ಧ ಕೆಲಸ ಮುಗಿದಂತೆ. ಅದನ್ನು ಜನರ ಬಳಿಗೆ ಒಯ್ಯುವುದು ಉಳಿದರ್ಧ. ವಿತರಕರೆಂಬುವರೇ ಇಲ್ಲದಿದ್ದುದರಿಂದ ಫಾಲ್ಕೆಯವರೇ ಈ ಕೆಲಸಕ್ಕೂ ಹೊರಟರು. ಸೂರತ್ ನಗರದಲ್ಲಿ ಮೊದಲ ಪ್ರದರ್ಶನದಿಂದ ಬಂದ ಹಣ ಕೇವಲ 3 ರೂಪಾಯಿ. ಅದೇ ದರಕ್ಕೆ ಆರು ಗಂಟೆಗಳ ನಾಟಕ ನೋಡಬಹುದಾಗಿರುವಾಗ ಇಷ್ಟು ಚಿಕ್ಕ ಚಿತ್ರಕ್ಕೆ ಹಣ ತೆರುವವರಾರು? ಫಾಲ್ಕೆಯವರು ಎದೆಗುಂದಲಿಲ್ಲ. ಮೂರು ಆಣೆಗೆ 57,000 ಛಾಯಾಚಿತ್ರಗಳನ್ನು, ಎರಡು ಮೈಲಿ ಉದ್ದದ ಚಿತ್ರವನ್ನು ನೋಡಬಹುದೆಂದು ಜಾಹೀರಾತು ಕೊಟ್ಟರು. ಜನ ಕುತೂಹಲದಿಂದ ಮುಗಿಬಿದ್ದರು. ಚಿತ್ರಮಂದಿರಗಳಿಲ್ಲದ ಹಳ್ಳಿಗಳಿಗೆ ಪ್ರಕ್ಷೇಪಕ ಯಂತ್ರ, ತೆರೆ, ಫಿಲ್ಮಿನ ಸುರುಳಿಗಳನ್ನು ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಹೋಗಿ ಚಿತ್ರ ತೋರಿಸಲಾಯಿತು.

1913ರಲ್ಲಿ ಕಂಪೆನಿ ನಾಸಿಕಕ್ಕೆ ಸ್ಥಳಾಂತರಗೊಂಡಿತು. 'ಮೋಹಿನೀ ಭಸ್ಮಾಸುರ', 'ಸತ್ಯವಾನ್ ಸಾವಿತ್ರಿ' ಚಿತ್ರಗಳು ಬೆಳಕು ಕಂಡವು. 'ಮೋಹಿನೀ ಭಸ್ಮಾಸುರ'ದಲ್ಲಿ ದುರ್ಗಾಬಾಯಿ ಕಾಮತ್ ಮತ್ತು ಅವರ ಮಗಳು ಕಮಲಾಬಾಯಿ ಅಭಿನಯಿಸಿದುದರಿಂದ ಸ್ತ್ರೀಪಾತ್ರಕ್ಕೆ ಸ್ತ್ರೀಯರೇ ದೊರೆತಂತಾಯಿತು. 1914ರಲ್ಲಿ ಫಾಲ್ಕೆಯವರು ತಮ್ಮ ಮೂರು ಚಿತ್ರಗಳೊಡನೆ ಮತ್ತೊಮ್ಮೆ ಲಂಡನ್ನಿಗೆ ಹೋದರು. ಚಿತ್ರಗಳನ್ನು ಮೆಚ್ಚಿದ ಅಲ್ಲಿಯ ಉದ್ಯಮಿಗಳು ಅಲ್ಲಿಯೇ ನೆಲೆಸಿ ಚಿತ್ರ ತಯಾರಿಸಲು ಅವರನ್ನು ಆಹ್ವಾನಿಸಿದರು. ಸಾಲದ ಹೊರೆ ಹೊತ್ತಿದ್ದರೂ ಫಾಲ್ಕೆಯವರು ಆ ಆಹ್ವಾನವನ್ನು ಒಪ್ಪಲಿಲ್ಲ. ಈ ಉದ್ಯಮ ಭಾರತದ ನೆಲದಲ್ಲಿಯೇ ಬೇರೂರಬೇಕೆಂಬುದು ಅವರ ಹಟವಾಗಿತ್ತು.

ಅಷ್ಟರಲ್ಲಿ ಪ್ರಥಮ ಮಹಾಯುದ್ಧ ಪ್ರಾರಂಭವಾಯಿತು. ಸಾಲಕೊಡುವವರು ಕೈಚೆಲ್ಲಿದರು. ಫಾಲ್ಕೆಯವರು ದೇಶೀಯ ಸಂಸ್ಥಾನಗಳಲ್ಲಿ ಸಂಚರಿಸಿ, ಚಿತ್ರಗಳನ್ನು ತೋರಿಸಿ, ಕಂಪೆನಿಯ ಉಸಿರು ನಿಲ್ಲದಂತೆ ನೋಡಿಕೊಂಡರು. 1917ರಲ್ಲಿ ತೆರೆಕಂಡ 'ಲಂಕಾದಹನ' ಈ ಕಷ್ಟವನ್ನೆಲ್ಲ ಮರೆಯಿಸಿತು. ಅದರಲ್ಲಿ ಶ್ರೀರಾಮ, ಸೀತೆ ಎರಡೂ ಪಾತ್ರಗಳನ್ನು ವಹಿಸಿದವನು ಸಾಳುಂಕೆಯೊಬ್ಬನೇ. ತೆರೆಯ ಮೇಲೆ ಶ್ರೀರಾಮನು ಕಾಣಿಸಿದಾಗ ಪ್ರೇಕ್ಷಕರು ಪಾದರಕ್ಷೆಗಳನ್ನು ಕಳಚುತ್ತಿದ್ದರಂತೆ. ಮದರಾಸಿನಲ್ಲಿ ವಸೂಲಾದ ನಾಣ್ಯಗಳ ಚೀಲಗಳನ್ನು ಪೋಲೀಸರ ಕಾವಲಿನಲ್ಲಿ ಎತ್ತಿನ ಗಾಡಿಯಲ್ಲಿ ಸಾಗಿಸಬೇಕಾಯಿತೆಂದು ಹೇಳುತ್ತಾರೆ.

ಇಂತಹ ವಿಜಯವನ್ನು ಕಂಡ ಮೇಲೆ ಬಂಡವಾಳಗಾರರು ತಾವಾಗಿಯೇ ಮುಂದೆ ಬಂದರು. 1918ರಲ್ಲಿ ಮುಂಬಯಿಯ ವ್ಯಾಪಾರಸ್ಥರ ಪಾಲುದಾರಿಕೆಯಲ್ಲಿ ಹಿಂದೂಸ್ತಾನ್ ಸಿನಿಮಾ ಫಿಲ್ಮ್ಸ್ ಕಂಪೆನಿ ಸ್ಥಾಪನೆಯಾಯಿತು. ಒಂದು ಮನೆಯವರ ದುಡಿಮೆಯಿಂದ ನಡೆಯುತ್ತಿದ್ದ ಕಂಪೆನಿ ಈಗ ದೊಡ್ಡ ಸಂಸ್ಥೆಯಾಯಿತು. 'ಶ್ರೀಕೃಷ್ಣ ಜನ್ಮ', 'ಕಾಳಿಯಮರ್ದನ' ಚಿತ್ರಗಳಲ್ಲಿ ಫಾಲ್ಕೆಯವರ ಮಗಳು ಪುಟ್ಟ ಮಂದಾಕಿನಿ ಬಾಲಕೃಷ್ಣನಾಗಿ ಎಲ್ಲರ ಮನಸೂರೆಗೊಂಡಳು.

ಆದರೆ ಬಂಡವಾಳದೊಡನೆ ನಿರ್ಬಂಧಗಳೂ ಬಂದವು. ಪಾಲುದಾರರ ದೃಷ್ಟಿ ವೆಚ್ಚದ ಮೇಲೆ. ಫಾಲ್ಕೆಯವರ ದೃಷ್ಟಿ ಚಿತ್ರದ ಗುಣದ ಮೇಲೆ. ಹಣ ಹೂಡಿದವರು ಲೆಕ್ಕ ಕೇಳುವುದು ಸಹಜವೇ. ಆದರೆ ತಮ್ಮ ಇಚ್ಛೆಯಂತೆ ದುಡಿದೇ ಬೆಳೆದ ಫಾಲ್ಕೆಯವರಿಗೆ ಆ ಕಟ್ಟು ಸಹನೆಯಾಗಲಿಲ್ಲ. ಅವರು ಕಂಪೆನಿಯನ್ನು ತೊರೆದು ಕುಟುಂಬದೊಡನೆ ಕಾಶಿಗೆ ಹೋದರು. ಅಲ್ಲಿ 'ರಂಗಭೂಮಿ' ಎಂಬ ಮರಾಠಿ ನಾಟಕವನ್ನು ರಚಿಸಿದರು. ಅದು ರಂಗದ ಮೇಲೆ ಯಶಸ್ಸು ಗಳಿಸಲಿಲ್ಲ. ಇತ್ತ ಕಂಪೆನಿಗೂ ಅವರ ಕೊರತೆ ಕಾಣತೊಡಗಿತ್ತು. 1922ರಲ್ಲಿ ಅವರು ಅದೇ ಕಂಪೆನಿಗೆ ಮರಳಿದರು. ಆದರೆ ಈ ಬಾರಿ ಅವರು ಸಂಬಳ ಪಡೆಯುವ ಅಧಿಕಾರಿ. ಮುಂದೆಯೂ ಹಲವಾರು ಚಿತ್ರಗಳನ್ನು ಅವರು ನಿರ್ದೇಶಿಸಿದರಾದರೂ ಹಿಂದಿನ ಸ್ವಾತಂತ್ರ್ಯ ಮರಳಿ ಬರಲಿಲ್ಲ.

1931ರಲ್ಲಿ ಭಾರತದ ಮೊದಲ ವಾಕ್ಚಿತ್ರ 'ಆಲಂ ಆರಾ' ಬಿಡುಗಡೆಯಾಯಿತು. ತೆರೆಯ ಬೊಂಬೆಗಳು ಮಾತನಾಡತೊಡಗಿದಾಗ ಮೂಕಚಿತ್ರಗಳ ಯುಗ ಅಸ್ತಮಿಸಿತು. ಹಿಂದೂಸ್ತಾನ್ ಕಂಪೆನಿಯೂ ಬಾಗಿಲು ಮುಚ್ಚಿತು. 1932ರ 'ಸೇತುಬಂಧನ' ಫಾಲ್ಕೆಯವರ ಕೊನೆಯ ಮೂಕಚಿತ್ರ. 1937ರಲ್ಲಿ, ತಮ್ಮ 67ನೆಯ ವಯಸ್ಸಿನಲ್ಲಿ, ಅವರು ಕೊಲ್ಹಾಪುರದಲ್ಲಿ 'ಗಂಗಾವತರಣ' ಎಂಬ ವಾಕ್ಚಿತ್ರವನ್ನು ನಿರ್ದೇಶಿಸಿದರು. ಅದೇ ಅವರ ಕಡೆಯ ಕೃತಿಯಾಯಿತು. ಲಕ್ಷಾಂತರ ರೂಪಾಯಿಗಳ ಉದ್ಯಮಕ್ಕೆ ಜನ್ಮವಿತ್ತ ಅವರ ಕೈಯಲ್ಲಿ ಮುಪ್ಪಿನ ದಿನಗಳಿಗೆ ಸಂಪತ್ತು ಉಳಿದಿರಲಿಲ್ಲ. 1944ರ ಫೆಬ್ರವರಿ 16ರಂದು ನಾಸಿಕದಲ್ಲಿ ಅವರು ನಿಧನಹೊಂದಿದರು.

ಫಾಲ್ಕೆಯವರ ಕಂಪೆನಿಗಳು ಅಳಿದವು; ಅವರ ಚಿತ್ರಗಳಲ್ಲಿ ಹೆಚ್ಚಿನವು ಇಂದು ನೋಡಲು ಸಿಕ್ಕುವುದಿಲ್ಲ. ಆದರೆ ಪರದೇಶದ ಆಸರೆಯಿಲ್ಲದೆ ಭಾರತೀಯರು ಚಿತ್ರಗಳನ್ನು ತಯಾರಿಸಬಲ್ಲರು, ಅವನ್ನು ಹಳ್ಳಿಹಳ್ಳಿಗೂ ತಲುಪಿಸಬಲ್ಲರು ಎಂಬುದನ್ನು ಅವರು ತೋರಿಸಿಕೊಟ್ಟರು. ಅವರು ಸವೆಸಿದ ಹಾದಿಯಲ್ಲಿ ದೇಶದ ಎಲ್ಲ ಭಾಷೆಗಳ ಚಲನಚಿತ್ರಗಳೂ ನಡೆದುಬಂದಿವೆ. ಭಾರತ ಸರ್ಕಾರವು 1969ರಲ್ಲಿ ಅವರ ಹೆಸರಿನಲ್ಲಿ ಪ್ರಶಸ್ತಿಯೊಂದನ್ನು ಸ್ಥಾಪಿಸಿತು. ಚಲನಚಿತ್ರರಂಗದ ಈ ಅತ್ಯುನ್ನತ ಗೌರವಕ್ಕೆ ಕನ್ನಡದ ಮೇರುನಟ ಡಾ. ರಾಜ್‌ಕುಮಾರ್ 1995ನೆಯ ಸಾಲಿನಲ್ಲಿಯೂ, ಮೈಸೂರಿನಲ್ಲಿ ಜನಿಸಿದ ಛಾಯಾಗ್ರಾಹಕ ವಿ. ಕೆ. ಮೂರ್ತಿ 2008ನೆಯ ಸಾಲಿನಲ್ಲಿಯೂ ಪಾತ್ರರಾದರು. ಕುಂಡದ ಬಟಾಣಿ ಬೀಜ ಮೊಳೆಯುವುದನ್ನು ತಿಂಗಳುಗಟ್ಟಲೆ ಕಾದು ಚಿತ್ರಿಸಿದ ಆ ತಾಳ್ಮೆ, ಸ್ವಂತ ಆಭರಣಗಳನ್ನು ಒತ್ತೆಗೆ ಕೊಟ್ಟು ಕತ್ತಲಕೋಣೆಯಲ್ಲಿ ದುಡಿದ ಆ ಗೃಹಿಣಿಯ ತ್ಯಾಗ, ಇವೆರಡೂ ಭಾರತೀಯ ಚಲನಚಿತ್ರದ ಇತಿಹಾಸದಲ್ಲಿ ಚಿರಸ್ಮರಣೀಯವಾಗಿವೆ.