ಪಂಡಿತಾ ರಮಾಬಾಯಿ (1858–1922): ನೊಂದ ಮಹಿಳೆಯರಿಗೆ ಆಸರೆಯಾದ ಜೀವನ

ಮಹಿಳೆಯರ ಮೇಲಿನ ದೌರ್ಜನ್ಯವನ್ನು ತಡೆಗಟ್ಟಲು ಹಾಗೂ ನೊಂದ ಮಹಿಳೆಯರಿಗೆ ಆಶ್ರಯ ಕಲ್ಪಿಸಲು ಇಂದು ಕಾನೂನು ಮತ್ತು ಯೋಜನೆಗಳು ಜಾರಿಯಲ್ಲಿವೆ. ಇಂತಹ ಯಾವುದೇ ವ್ಯವಸ್ಥೆ ಇಲ್ಲದ ಕಾಲದಲ್ಲಿ ಈ ಕಾರ್ಯವನ್ನು ಕೈಗೊಂಡ ಪ್ರಮುಖರಲ್ಲಿ ಕರ್ನಾಟಕದಲ್ಲಿ ಜನಿಸಿದ ಪಂಡಿತಾ ರಮಾಬಾಯಿಯವರು ಒಬ್ಬರು.

ಜನನ ಮತ್ತು ಬಾಲ್ಯ

ರಮಾಬಾಯಿಯವರು ದಿನಾಂಕ 23-04-1858ರಂದು ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಜನಿಸಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳ ಸಮೀಪದ ಮಾಳ ಗ್ರಾಮದ ಸಂಸ್ಕೃತ ವಿದ್ವಾಂಸರು. ಪತ್ನಿ ಲಕ್ಷ್ಮೀಬಾಯಿಯವರಿಗೆ ಸಂಸ್ಕೃತ ಕಲಿಸಿದ್ದಕ್ಕಾಗಿ ಅವರು ವಿರೋಧ ಎದುರಿಸಬೇಕಾಯಿತು. ಉಡುಪಿಯಲ್ಲಿ ಪಂಡಿತರ ಸಭೆಯ ಮುಂದೆ ಶಾಸ್ತ್ರಾಧಾರಗಳೊಂದಿಗೆ ತಮ್ಮ ನಿಲುವನ್ನು ಸಮರ್ಥಿಸಿಕೊಂಡರು. ರಮಾಬಾಯಿಯವರು ತಾಯಿಯಿಂದಲೇ ಸಂಸ್ಕೃತ ಕಲಿತರು. ಕುಟುಂಬವು ತೀರ್ಥಕ್ಷೇತ್ರಗಳನ್ನು ಸಂಚರಿಸುತ್ತಿದ್ದುದರಿಂದ ಕನ್ನಡ, ಮರಾಠಿ, ಹಿಂದೂಸ್ತಾನಿ ಮುಂತಾದ ಭಾಷೆಗಳು ಅವರಿಗೆ ಪರಿಚಿತವಾದವು.

1870ರ ದಶಕದ ಕ್ಷಾಮದಲ್ಲಿ ತಂದೆ ತಾಯಿ ಇಬ್ಬರೂ ಮೃತಪಟ್ಟರು. ಸಹೋದರ ಶ್ರೀನಿವಾಸರೊಂದಿಗೆ ಕಾಲ್ನಡಿಗೆಯಲ್ಲಿ ದೇಶ ಸುತ್ತಿದ ರಮಾಬಾಯಿಯವರು 1878ರಲ್ಲಿ ಕಲ್ಕತ್ತೆಗೆ ತಲುಪಿದರು. ಅವರ ವಿದ್ವತ್ತನ್ನು ಪರೀಕ್ಷಿಸಿದ ಅಲ್ಲಿನ ವಿದ್ವಾಂಸರು ಪಂಡಿತಾ ಮತ್ತು ಸರಸ್ವತಿ ಎಂಬ ಬಿರುದುಗಳನ್ನು ನೀಡಿದರು. 1880ರಲ್ಲಿ ಸಹೋದರ ನಿಧನರಾದರು. ಅದೇ ವರ್ಷ ಬಂಗಾಳದ ವಕೀಲ ಬಿಪಿನ್ ಬಿಹಾರಿ ಮೇಧಾವಿಯವರೊಂದಿಗೆ ಅಂತರ್ಜಾತೀಯ ವಿವಾಹವಾಯಿತು. 1882ರಲ್ಲಿ ಪತಿಯು ಕಾಲರಾದಿಂದ ಮೃತಪಟ್ಟಾಗ ರಮಾಬಾಯಿಯವರಿಗೆ 23 ವರ್ಷ. ಮಗಳು ಮನೋರಮಾ ಇನ್ನೂ ಹಸುಗೂಸು.

ಸಾರ್ವಜನಿಕ ಸೇವೆ

1882ರಲ್ಲಿ ಪುಣೆಗೆ ಬಂದ ಅವರು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿ, ಬಾಲ್ಯವಿವಾಹದ ವಿರುದ್ಧ ಹಾಗೂ ಸ್ತ್ರೀ ಶಿಕ್ಷಣದ ಪರವಾಗಿ ಕಾರ್ಯ ನಿರ್ವಹಿಸಿದರು. ಅದೇ ವರ್ಷ ಹಂಟರ್ ಶಿಕ್ಷಣ ಆಯೋಗದ ಮುಂದೆ ಸಾಕ್ಷ್ಯ ನುಡಿದು, ಮಹಿಳಾ ಶಿಕ್ಷಕಿಯರಿಗೆ ತರಬೇತಿ ನೀಡಬೇಕು, ಮಹಿಳಾ ಪರಿವೀಕ್ಷಕರನ್ನು ನೇಮಿಸಬೇಕು ಮತ್ತು ಮಹಿಳೆಯರಿಗೆ ವೈದ್ಯಕೀಯ ಶಿಕ್ಷಣ ದೊರೆಯಬೇಕು ಎಂದು ಕೋರಿದರು.

1883ರಲ್ಲಿ ಇಂಗ್ಲೆಂಡಿಗೆ ತೆರಳಿ, ಅಲ್ಲಿ ಕ್ರೈಸ್ತ ಧರ್ಮವನ್ನು ಸ್ವೀಕರಿಸಿದರು. 1886ರಲ್ಲಿ ಅಮೆರಿಕಾಕ್ಕೆ ಹೋದರು. 1887ರಲ್ಲಿ ಪ್ರಕಟವಾದ ಅವರ ಇಂಗ್ಲಿಷ್ ಕೃತಿ ದಿ ಹೈ ಕಾಸ್ಟ್ ಹಿಂದೂ ವುಮನ್, ಬಾಲವಧುಗಳು ಮತ್ತು ವಿಧವೆಯರು ಮನೆಯೊಳಗೆ ಅನುಭವಿಸುವ ಹಿಂಸೆಯನ್ನು ವಿವರಿಸಿತು. ಬಾಲ್ಯದಲ್ಲಿ ನಡೆದ ವಿವಾಹವನ್ನು ಒಪ್ಪದ ರಖ್ಮಾಬಾಯಿ ಎಂಬ ಮಹಿಳೆಗೆ, ಪತಿಯ ಮನೆಗೆ ಹೋಗಬೇಕು ಇಲ್ಲವೇ ಸೆರೆವಾಸ ಅನುಭವಿಸಬೇಕು ಎಂದು ಅದೇ ವರ್ಷ ಬಾಂಬೆ ಉಚ್ಚ ನ್ಯಾಯಾಲಯ ಆದೇಶಿಸಿದ್ದ ಪ್ರಕರಣವನ್ನೂ ಅದರಲ್ಲಿ ಚರ್ಚಿಸಲಾಗಿದೆ.

ಶಾರದಾ ಸದನ

ದಿನಾಂಕ 11-03-1889ರಂದು ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ಆರಂಭಿಸಲಾಯಿತು. 1890ರಲ್ಲಿ ಅದು ಪುಣೆಗೆ ಸ್ಥಳಾಂತರಗೊಂಡಿತು. ವಸತಿಯೊಂದಿಗೆ ಶಿಕ್ಷಣ ನೀಡಿ ಸ್ವಂತ ದುಡಿಮೆಗೆ ಸಿದ್ಧಗೊಳಿಸುವುದು ಇದರ ಉದ್ದೇಶವಾಗಿತ್ತು. ಇಲ್ಲಿ ಕಲಿತ ಬಾಲವಿಧವೆ ಗೋದೂಬಾಯಿಯವರು 1893ರಲ್ಲಿ ಧೋಂಡೊ ಕೇಶವ ಕರ್ವೆಯವರನ್ನು ಮರುವಿವಾಹವಾದರು. ಕರ್ವೆಯವರು ಮುಂದೆ 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯವನ್ನು ಸ್ಥಾಪಿಸಿದರು.

ಮತಾಂತರದ ವಿವಾದದಿಂದಾಗಿ 1893ರಲ್ಲಿ ಹಲವು ಪೋಷಕರು ವಿದ್ಯಾರ್ಥಿನಿಯರನ್ನು ಬಿಡಿಸಿಕೊಂಡು ಹೋದರು. ಸಲಹಾ ಸಮಿತಿಯಲ್ಲಿದ್ದ ರಾನಡೆ, ಭಂಡಾರ್ಕರ್ ಮುಂತಾದವರು ಸಂಸ್ಥೆಯಿಂದ ದೂರ ಸರಿದರು. ಆದಾಗ್ಯೂ ಸದನದ ಕಾರ್ಯ ಮುಂದುವರಿಯಿತು.

ಕ್ಷಾಮ, ಪ್ಲೇಗ್ ಮತ್ತು ಮುಕ್ತಿ ಸದನ

1896–97ರ ಕ್ಷಾಮದಲ್ಲಿ ದಿಕ್ಕಿಲ್ಲದ ಬಾಲಕಿಯರು ಮಾರಾಟಗಾರರ ಪಾಲಾಗುತ್ತಿದ್ದರು. ರಮಾಬಾಯಿಯವರು ಮಧ್ಯ ಪ್ರಾಂತ್ಯಗಳಿಗೆ ತೆರಳಿ ಸುಮಾರು 300 ಮಹಿಳೆಯರು ಮತ್ತು ಬಾಲಕಿಯರನ್ನು ಕರೆತಂದು ರಕ್ಷಿಸಿದರು. 1897ರಲ್ಲಿ ಪುಣೆಯಲ್ಲಿ ಪ್ಲೇಗ್ ಹರಡಿದಾಗ, ಸರ್ಕಾರಿ ಪ್ಲೇಗ್ ಆಸ್ಪತ್ರೆ ಮತ್ತು ಶಿಬಿರಗಳಲ್ಲಿ ಮಹಿಳೆಯರಿಗೆ ರಕ್ಷಣೆ ಇಲ್ಲದಿರುವುದನ್ನು ಬಾಂಬೆ ಗಾರ್ಡಿಯನ್ ಪತ್ರಿಕೆಗೆ ಪತ್ರ ಬರೆದು ಬಹಿರಂಗಪಡಿಸಿದರು. ರಕ್ಷಣೆ ನೀಡಬೇಕಾದ ಸ್ಥಳದಲ್ಲಿಯೇ ದೌರ್ಜನ್ಯ ನಡೆದರೆ ಅದನ್ನು ಮುಚ್ಚಿಡಬಾರದು ಎಂಬುದು ಅವರ ನಿಲುವಾಗಿತ್ತು.

ಪುಣೆ ಸಮೀಪದ ಕೇಡ್‌ಗಾಂವ್‌ನಲ್ಲಿ ಮುಕ್ತಿ ಸದನವು ಬೆಳೆದು, 1900ರ ವೇಳೆಗೆ ಸುಮಾರು 1,500 ಮಂದಿಗೆ ಆಸರೆಯಾಯಿತು. ಲೈಂಗಿಕ ಶೋಷಣೆಗೆ ಒಳಗಾದವರಿಗಾಗಿ ಕೃಪಾ ಸದನವನ್ನು ತೆರೆಯಲಾಯಿತು. ವೃದ್ಧೆಯರಿಗೆ ಮತ್ತು ಅಂಧರಿಗೆ ಪ್ರತ್ಯೇಕ ವ್ಯವಸ್ಥೆ ಇತ್ತು. ನೇಯ್ಗೆ, ಹೊಲಿಗೆ, ಮುದ್ರಣ, ಹೈನುಗಾರಿಕೆ ಹಾಗೂ ಬೇಸಾಯದಲ್ಲಿ ತರಬೇತಿ ನೀಡಲಾಗುತ್ತಿತ್ತು. ಕರ್ನಾಟಕದ ಗುಲ್ಬರ್ಗಾದಲ್ಲಿಯೂ (ಇಂದಿನ ಕಲಬುರಗಿ) ಅವರು ಶಾಲೆಯೊಂದನ್ನು ಆರಂಭಿಸಿದರು. 1919ರಲ್ಲಿ ಅವರಿಗೆ ಕೈಸರ್-ಇ-ಹಿಂದ್ ಪದಕ ದೊರೆಯಿತು.

1921ರಲ್ಲಿ ಮಗಳು ಮನೋರಮಾ ನಿಧನರಾದರು. ರಮಾಬಾಯಿಯವರು ದಿನಾಂಕ 05-04-1922ರಂದು ಕೇಡ್‌ಗಾಂವ್‌ನಲ್ಲಿ ಕೊನೆಯುಸಿರೆಳೆದರು. ಭಾರತ ಸರ್ಕಾರವು 1989ರಲ್ಲಿ ಅವರ ಸ್ಮರಣಾರ್ಥ ಅಂಚೆ ಚೀಟಿಯನ್ನು ಹೊರತಂದಿತು.

ಇಂದು ಲಭ್ಯವಿರುವ ನೆರವು

ನೊಂದ ಮಹಿಳೆಗೆ ಸುರಕ್ಷಿತ ನೆಲೆ, ಆಕೆಯ ಮಾತಿಗೆ ಮನ್ನಣೆ ಮತ್ತು ಸ್ವಂತ ಕಾಲ ಮೇಲೆ ನಿಲ್ಲುವ ಅವಕಾಶ ಒಟ್ಟಿಗೆ ದೊರೆಯಬೇಕು ಎಂಬುದನ್ನು ರಮಾಬಾಯಿಯವರ ಕಾರ್ಯವು ತೋರಿಸಿಕೊಟ್ಟಿದೆ. ಅವರ ಕಾಲದಲ್ಲಿ ಒಬ್ಬರ ದಯೆಯನ್ನು ಅವಲಂಬಿಸಿದ್ದ ರಕ್ಷಣೆಯು ಇಂದು ಕಾನೂನಿನ ಹಕ್ಕಾಗಿದೆ.

• ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ, 2005ರ ಅಡಿ ರಕ್ಷಣೆ, ವಾಸದ ಹಕ್ಕು ಮತ್ತು ಆರ್ಥಿಕ ಪರಿಹಾರ ಕೋರಬಹುದು. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯವರು ಸಂರಕ್ಷಣಾಧಿಕಾರಿಯಾಗಿರುತ್ತಾರೆ. ನೊಂದ ಮಹಿಳೆಯ ಪರವಾಗಿ ಇತರರೂ ಮಾಹಿತಿ ನೀಡಬಹುದು.
• ಸಖಿ ಒನ್ ಸ್ಟಾಪ್ ಸೆಂಟರ್‌ಗಳಲ್ಲಿ ವೈದ್ಯಕೀಯ, ಪೊಲೀಸ್ ಮತ್ತು ಕಾನೂನು ನೆರವು, ಆಪ್ತ ಸಮಾಲೋಚನೆ ಹಾಗೂ ತಾತ್ಕಾಲಿಕ ವಸತಿ ಒಂದೇ ಸೂರಿನಡಿ ದೊರೆಯುತ್ತವೆ.
• ಮಹಿಳೆಯರು ಆದಾಯ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು.
• ಮಹಿಳಾ ಸಹಾಯವಾಣಿ: 181. ತುರ್ತು ಸಂದರ್ಭದಲ್ಲಿ: 112.

ದೌರ್ಜನ್ಯವನ್ನು ಸಹಿಸಿಕೊಂಡಿರುವವರು ಹಾಗೂ ಅದನ್ನು ಕಂಡವರು ವಿಳಂಬ ಮಾಡದೆ ಸದರಿ ಸೇವೆಗಳ ಸದುಪಯೋಗ ಪಡೆಯಲು ಕೋರಲಾಗಿದೆ.